ತಿಳಿ ನೀಲಿ, ತಿಳಿ ಸಾರು, ತಿಳೀತಾ?

ನಮ್ಮ ಕ್ಲಬ್ ಟೀ ಶರ್ಟಿಗೆ ಬಣ್ಣ ಆರಿಸುವಾಗ ಗ್ರೂಪಿನಲ್ಲಿ ಒಬ್ಬಳು "ತಿಳಿ ನೀಲಿ" ಅಂತ ಹಾಕಿದಳು. ತಕ್ಷಣ ಇನ್ನೊಬ್ಬ, "ನೀಲಿ ಅಂತ ತಿಳೀತು, ಯಾವ ನೀಲಿ ಹೇಳು" ಅಂದ. ಎಲ್ಲರೂ ನಕ್ಕೆವು. ಆದರೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಒಂದು ಡೌಟ್ ಉಳೀತು. ಬಣ್ಣದ ಮುಂದೆ ಬರೋ ತಿಳಿಗೂ "ತಿಳೀತಾ?" ಅಂತ ಕೇಳೋ ತಿಳಿಗೂ ಏನಾದರೂ ಸಂಬಂಧ ಇದೆಯಾ?

ಇದೆ. ಅದು ಸಿಗೋದು ನೀರಿನ ಕೊಡದಲ್ಲಿ.

ನಮ್ಮ ಅಜ್ಜಿ ಊರು ದೇವದುರ್ಗ ತಾಲೂಕಿನಲ್ಲಿದೆ. ಮಳೆಗಾಲದಲ್ಲಿ ಹೊಳೆ ನೀರು ರಾಡಿಯಾಗಿ ಬಂದರೆ ಅಜ್ಜಿ, "ತಡಿಯಪ್ಪ, ನೀರು ತಿಳಿ ಆಗ್ಲಿ, ಆಮ್ಯಾಲ ತಗೊ" ಅಂತಿದ್ದಳು. ಮಣ್ಣು ತಳಕ್ಕೆ ಕೂತ ಮೇಲೆ ಮೇಲೆ ಉಳಿಯೋದೇ ತಿಳಿ. ಸಿವಿಲ್‌ನವರು ಇದನ್ನೇ ಸೆಡಿಮೆಂಟೇಷನ್ ಅಂತ ಓದ್ತಾರೆ. ಸ್ಟೋಕ್ಸ್ ನಿಯಮದ ಪ್ರಕಾರ ಕಣದ ವ್ಯಾಸ ಅರ್ಧ ಆದರೆ ಅದು ಕೂರುವ ವೇಗ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ಪಟಿಕ ಹಾಕಿದರೆ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ದಪ್ಪ ಆಗ್ತವೆ, ಬೇಗ ಕೂರ್ತವೆ.

ಈ ಕೊಡದಿಂದ ಪದ ಎಲ್ಲೆಲ್ಲೋ ಹರಿದಿದೆ. ಬೇಳೆ ಕೆಳಗೆ ಕೂತರೆ ಮೇಲಿನದು ತಿಳಿ ಸಾರು. ಲ್ಯಾಬಿನಲ್ಲಿ ಊದಿದರೆ ಹಾಲಿನಂತಾಗೋದು ಸುಣ್ಣದ ತಿಳಿನೀರು. ಮೋಡ ಹೋದರೆ ಆಕಾಶ ತಿಳಿ. ಜಗಳ ಮುಗಿದರೆ ಪರಿಸ್ಥಿತಿ ತಿಳಿ. ಚುಚ್ಚದೆ ನಗಿಸೋದು ತಿಳಿಹಾಸ್ಯ, ತೊಡಕಿಲ್ಲದೆ ಓದಿಸಿಕೊಳ್ಳೋದು ತಿಳಿಗನ್ನಡ.

ಬಣ್ಣಕ್ಕೂ ಅದೇ ಲೆಕ್ಕ. ಒಂದು ಲೋಟ ನೀರಿಗೆ ಎರಡು ಹನಿ ಇಂಕು ಬಿಟ್ಟರೆ ಆ ಕಡೆ ಇರೋದು ಕಾಣುತ್ತಲ್ಲ, ಅಂಥದ್ದು ತಿಳಿ ನೀಲಿ. ಅದಕ್ಕೇ ತಿಳಿ ಹಸಿರು, ತಿಳಿ ಗುಲಾಬಿ ಅಂತೀವಿ. ತಿಳಿ ಕಪ್ಪು ಅಂದರೆ ಮಾತ್ರ ಕಿವಿಗೆ ಒಗ್ಗಲ್ಲ, ಅದು ಬೂದು. ತೊಳೆದು ತೊಳೆದು ಬಣ್ಣ ಹೋದ ಶರ್ಟೂ ತಿಳಿ ಅಲ್ಲ, ಅದು ಮಾಸಲು. ರಾಯಚೂರಿನಲ್ಲಿ ಉರ್ದು ಮಾತಾಡೋ ಗೆಳೆಯರು ಫೀಕಾ ಅಂತಾರಲ್ಲ, ಅದು ಬಣ್ಣ ಸಾಲದ ಬಟ್ಟೆಗೂ ಸಕ್ಕರೆ ಸಾಲದ ಚಾಕ್ಕೂ ಆಗುತ್ತೆ. ಫೀಕಾ ಅಂದರೆ ಏನೋ ಕಡಿಮೆ ಬಿತ್ತು ಅಂತ ದೂರು. ತಿಳಿ ಅಂದರೆ ಮೆಚ್ಚುಗೆ.

ಇನ್ನು ತಿಳಿಯುವುದು. ನೀರು ತಿಳಿಯಾದರೆ ತಳ ಕಾಣುತ್ತೆ. ಮಾತು ತಿಳಿಯಾದರೆ ಅರ್ಥ ಕಾಣುತ್ತೆ. ಇದು ಕನ್ನಡದ ಒಂದೇ ಕಥೆಯಲ್ಲ. ಮಾನ್ವಿ ಕಡೆಯ ಕ್ಯಾಂಪುಗಳಲ್ಲಿ ತೆಲುಗು ಮಾತಾಡ್ತಾರೆ. ತೆಲುಗಿನಲ್ಲಿ ತೆಲುಪು ಅಂದರೆ ಬಿಳಿ ಬಣ್ಣ, ತೆಲುಪು ಅಂದರೆ ತಿಳಿಸು ಅಂತಲೂ ಆಗುತ್ತೆ. ತಮಿಳಿನಲ್ಲಿ ತೆಳಿವು ಅಂದರೆ ಸ್ಪಷ್ಟತೆ. ಇಂಗ್ಲಿಷಿನ ಲೈಟ್‌ನಲ್ಲಿ ಬೆಳಕು, ಹಗುರ ಎರಡೂ ಇದ್ದರೂ ಅವು ಮೂಲದಲ್ಲಿ ಬೇರೆ ಬೇರೆ ಪದಗಳು. ನಮ್ಮ ತಿಳಿ ಬೇರಿನಿಂದಲೇ ಒಂದು.

ಆದರೆ ಈ ಪದ ನಮ್ಮನ್ನು ಒಂದು ಕಡೆ ಮೋಸ ಮಾಡುತ್ತೆ. ತಿಳಿ ನೀರು ಕಂಡರೆ ಅದರೊಳಗೆ ಏನಿದೆ ಅಂತ ತಿಳೀತು ಅಂದುಕೊಳ್ತೀವಿ. ರಾಯಚೂರು ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಅದು ನೀರಿನಲ್ಲಿ ಕರಗಿರುತ್ತೆ, ಕಣ್ಣಿಗೆ ಕಾಣಲ್ಲ, ಎಷ್ಟು ಹೊತ್ತು ಬಿಟ್ಟರೂ ತಳಕ್ಕೆ ಕೂರಲ್ಲ, ಕುದಿಸಿದರೂ ಹೋಗಲ್ಲ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಅದಕ್ಕೇ ಎರಡು ಬೇರೆ ಸಾಲುಗಳಿವೆ. ಕದಡಿಕೆ 1 ಎನ್‌ಟಿಯು ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 5ರವರೆಗೆ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಹೆಚ್ಚೆಂದರೆ 1.5. ಮೊದಲನೇ ಸಾಲಿನಲ್ಲಿ ಪಾಸಾದ ನೀರು ಎರಡನೆಯದರಲ್ಲಿ ಫೇಲಾಗಬಹುದು.

ಅಜ್ಜಿ ಊರಿನ ಬೋರ್ ನೀರು ವರ್ಷಪೂರ್ತಿ ತಿಳಿಯಾಗೇ ಬರುತ್ತೆ. ನಮ್ಮ ಮಾವನ ಹಲ್ಲಿನ ಮೇಲೆ ಚಿಕ್ಕಂದಿನಿಂದ ಕಂದು ಗೆರೆ ಇವೆ. ಅದು ಬೋರಿನದೇ ಅಂತ ನಾನು ಹೇಳಲಾರೆ, ಯಾಕಂದರೆ ಆ ನೀರನ್ನು ನಮ್ಮ ಮನೆಯವರು ಯಾರೂ ಟೆಸ್ಟ್ ಮಾಡಿಸಿಲ್ಲ. ಈ ರಜೆಗೆ ಹೋದಾಗ ಒಂದು ಬಾಟಲಿ ತಂದು ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೇಳಬೇಕು ಅಂತಿದ್ದೀನಿ. ನೀವೂ ನಿಮ್ಮೂರಿನಿಂದ ಒಂದು ಬಾಟಲಿ ತನ್ನಿ.