ಕಣ್ಣಿನ ಮಸೂರ

ಕಣ್ಣಿನ ಮಸೂರವು ಪಾಪೆಯ ಹಿಂಬದಿಯಲ್ಲಿರುವ, ಎರಡೂ ಕಡೆ ಉಬ್ಬಿದ ಪಾರದರ್ಶಕ ಅಂಗ. ಮಸೂರ ಬೇಳೆಯ ಆಕಾರವನ್ನು ಹೋಲುವುದರಿಂದ ಇದಕ್ಕೆ ಈ ಹೆಸರು ಬಂದಿದೆ. ವಯಸ್ಕರಲ್ಲಿ ಇದರ ವ್ಯಾಸ 9ರಿಂದ 10 ಮಿ.ಮೀ., ದಪ್ಪ ಸುಮಾರು 4 ಮಿ.ಮೀ. ಕಣ್ಣಿನ ಒಟ್ಟು ವಕ್ರೀಭವನ ಶಕ್ತಿಯ ಸುಮಾರು ಮೂರನೆಯ ಒಂದು ಭಾಗ ಮಸೂರದ್ದು, ಉಳಿದದ್ದು ಕಾರ್ನಿಯಾದ್ದು.

ರಚನೆ

ಮಸೂರವನ್ನು ತೆಳುವಾದ ಕೋಶವೊಂದು ಸುತ್ತುವರಿದಿದೆ. ಅದರ ಮುಂಭಾಗದ ಒಳಮೈಯಲ್ಲಿ ಒಂದೇ ಪದರದ ಜೀವಕೋಶಗಳಿವೆ. ಇವು ಅಂಚಿನಲ್ಲಿ ಉದ್ದವಾಗಿ ಬೆಳೆದು ತಂತುಗಳಾಗುತ್ತವೆ, ಬಲಿಯುತ್ತ ತಮ್ಮ ಕೋಶಕೇಂದ್ರವನ್ನು ಕಳೆದುಕೊಳ್ಳುತ್ತವೆ. ಹೊಸ ತಂತುಗಳು ಹಳೆಯವುಗಳ ಮೇಲೆ ಈರುಳ್ಳಿಯ ಪದರಗಳಂತೆ ಕೂಡುತ್ತ ಹೋಗುತ್ತವೆ, ಹಳೆಯವು ಉದುರುವುದಿಲ್ಲ. ಆದ್ದರಿಂದ ಎಂಬತ್ತು ವರ್ಷದವರ ಮಸೂರದ ನಡುವಿನಲ್ಲಿ ಅವರು ಹುಟ್ಟುವ ಮೊದಲೇ ರೂಪುಗೊಂಡ ಪ್ರೋಟೀನುಗಳು ಇರುತ್ತವೆ. ಕ್ರಿಸ್ಟಲಿನ್ ಎಂಬ ಈ ಪ್ರೋಟೀನುಗಳು ಒತ್ತೊತ್ತಾಗಿ, ಕ್ರಮವಾಗಿ ಜೋಡಣೆಗೊಂಡಿರುವುದೇ ಪಾರದರ್ಶಕತೆಯ ಗುಟ್ಟು. ಮಸೂರದಲ್ಲಿ ರಕ್ತನಾಳಗಳಿಲ್ಲ, ಪೋಷಣೆ ಸುತ್ತಲಿನ ದ್ರವದಿಂದ ದೊರೆಯುತ್ತದೆ. ವಯಸ್ಸಾದಂತೆ ಮಸೂರ ಗಡುಸಾಗಿ ಹತ್ತಿರದ ನೋಟಕ್ಕೆ ಬಾಗದಿರುವುದೇ ನಲವತ್ತರ ಆಸುಪಾಸಿನಲ್ಲಿ ಬರುವ ಚಾಳೀಸು.

ಹಾನಿಯ ಕಾರಣಗಳು

ಪ್ರೋಟೀನುಗಳ ಜೋಡಣೆ ಕೆಟ್ಟು ಅವು ಗಂಟುಕಟ್ಟಿದರೆ ಬೆಳಕು ಚದರಿ ಮಸೂರ ಮಬ್ಬಾಗುತ್ತದೆ. ಇದನ್ನು ಕಣ್ಣಿನ ಪೊರೆ ಎನ್ನುತ್ತಾರೆ. ಹೆಸರು ತುಸು ದಾರಿ ತಪ್ಪಿಸುವಂಥದು: ಹಾವಿನ ಪೊರೆಯಂತೆ ಮೇಲೆ ಬೆಳೆದ ತೊಗಲು ಇದಲ್ಲ, ಮಸೂರವೇ ಮಂಜಾಗಿರುವುದು. ಹೊರಗಿನಿಂದ ಹಾಕುವ ಯಾವ ಹನಿ, ಕಾಡಿಗೆ, ಸೊಪ್ಪಿನ ರಸವೂ ಇದನ್ನು ಕರಗಿಸದಿರಲು ಇದೇ ಕಾರಣ.

ಮುಪ್ಪು ಮುಖ್ಯ ಕಾರಣ. ಬಿಸಿಲಿನ ನೇರಳಾತೀತ ಕಿರಣಗಳು ಅದಕ್ಕೆ ಜೊತೆಗೂಡುತ್ತವೆ. ಅಮೆರಿಕದ ಚೆಸಾಪೀಕ್ ಕೊಲ್ಲಿಯ 838 ಮೀನುಗಾರರ ಮೇಲೆ ನಡೆದು 1988ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೀವಮಾನದಲ್ಲಿ ತಗುಲಿದ ಈ ಕಿರಣಗಳ ಪ್ರಮಾಣ ಇಮ್ಮಡಿಯಾದರೆ ಮಸೂರದ ಹೊರಪದರದ ಪೊರೆಯ ಅಪಾಯ 1.6 ಪಟ್ಟಾಗುವುದು ಕಂಡುಬಂದಿತು. ಮಲ್ಪೆ, ಕಾಪುಗಳ ಕಡಲಿನಲ್ಲಿ ದಿನವಿಡೀ ದುಡಿಯುವವರಿಗೂ ಇದು ಸಂಬಂಧಿಸಿದ ವಿಚಾರವೇ. ಅಗಲ ಅಂಚಿನ ಟೊಪ್ಪಿ ಮತ್ತು ನೇರಳಾತೀತ ಕಿರಣ ತಡೆಯುವ ಕನ್ನಡಕ ಕಣ್ಣಿಗೆ ತಲುಪುವ ಪ್ರಮಾಣವನ್ನು ಗಣನೀಯವಾಗಿ ತಗ್ಗಿಸುತ್ತವೆ.

ಮಧುಮೇಹದಲ್ಲಿ ಮಸೂರದೊಳಗೆ ಹೆಚ್ಚಿದ ಗ್ಲೂಕೋಸು ಸಾರ್ಬಿಟಾಲ್ ಆಗಿ ಮಾರ್ಪಟ್ಟು ನೀರನ್ನು ಸೆಳೆಯುತ್ತದೆ, ತಂತುಗಳು ಊದಿಕೊಳ್ಳುತ್ತವೆ. ದೀರ್ಘಕಾಲದ ಸ್ಟೀರಾಯ್ಡ್ ಸೇವನೆ ಮಸೂರದ ಹಿಂಬದಿಯಲ್ಲಿ ಪೊರೆ ತರುತ್ತದೆ. ಧೂಮಪಾನ, ವಿಕಿರಣ, ಗರ್ಭಿಣಿಗೆ ತಗುಲಿದ ರುಬೆಲ್ಲಾ ಸೋಂಕು ಇತರ ಕಾರಣಗಳು. ಪೆಟ್ಟಿನಿಂದ ಬರುವ ಪೊರೆಗೆ ವಯಸ್ಸಿನ ಹಂಗಿಲ್ಲ. ಕಾರ್ಕಳದಂಥ ಕಲ್ಲುಕೆತ್ತನೆಯ ಊರಿನಲ್ಲಿ ಉಳಿಯಿಂದ ಸಿಡಿದ ಚೂರು ಮಸೂರದ ಕೋಶವನ್ನು ಸೀಳಿದರೆ ನೀರು ಒಳನುಗ್ಗಿ ಕೆಲವೇ ಗಂಟೆ ಅಥವಾ ದಿನಗಳಲ್ಲಿ ಮಸೂರ ಬೆಳ್ಳಗಾಗಬಹುದು. ಅಂಥ ಕಣ್ಣನ್ನು ಉಜ್ಜಬಾರದು. ಕೂಡಲೇ ವೈದ್ಯರಿಗೆ ತೋರಿಸಬೇಕು.

ಚಿಕಿತ್ಸೆ

ಮಬ್ಬಾದ ಮಸೂರವನ್ನು ಸೂಜಿಯಿಂದ ಸರಿಸುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ. ಕರ್ನಾಟಕದಲ್ಲಿ ಬೀಳಗಿಯವರಾದ ಡಾ. ಎಂ. ಸಿ. ಮೋದಿ (1916–2005) ಊರೂರಿನಲ್ಲಿ ನೇತ್ರ ಶಿಬಿರ ನಡೆಸಿ ಪೊರೆಯ ಶಸ್ತ್ರಚಿಕಿತ್ಸೆಯನ್ನು ಹಳ್ಳಿಯ ಬಡವರಿಗೆ ತಲುಪಿಸಿದರು. ಆ ಕಾಲದಲ್ಲಿ ಮಸೂರ ತೆಗೆಸಿಕೊಂಡವರು ದಪ್ಪ ಗಾಜಿನ ಕನ್ನಡಕವನ್ನೇ ನೆಚ್ಚಬೇಕಿತ್ತು. ಕೃತಕ ಮಸೂರವನ್ನು 1949ರಲ್ಲಿ ಮೊದಲು ಅಳವಡಿಸಿದವರು ಲಂಡನ್ನಿನ ಹೆರಾಲ್ಡ್ ರಿಡ್ಲೆ. ಯುದ್ಧವಿಮಾನದ ಅಕ್ರಿಲಿಕ್ ಚೂರುಗಳು ಪೈಲಟ್‌ಗಳ ಕಣ್ಣಿನಲ್ಲಿ ತೊಂದರೆ ಕೊಡದೆ ಉಳಿದುದನ್ನು ಅವರು ಗಮನಿಸಿದ್ದರು. ಇಂದು ಇದು ವಾಡಿಕೆಯ ಚಿಕಿತ್ಸೆ; ಮಣಿಪಾಲದಲ್ಲಿ 1953ರಲ್ಲಿ ಆರಂಭವಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ನೇತ್ರ ವಿಭಾಗವಿದೆ.

ಪೊರೆ 'ಹಣ್ಣಾಗುವವರೆಗೆ' ಕಾಯಬೇಕೆಂಬ ಹಳೆಯ ನಂಬಿಕೆ ಈಗ ಸಲ್ಲದು. ಅತಿಯಾಗಿ ಬಲಿತ ಮಸೂರದಿಂದ ಪ್ರೋಟೀನು ಸೋರಿ ಕಣ್ಣಿನ ಒತ್ತಡ ಏರಿದರೆ ದೃಷ್ಟಿನರ ಹಾಳಾಗುತ್ತದೆ. ಆ ನಷ್ಟವನ್ನು ಯಾವ ಶಸ್ತ್ರಚಿಕಿತ್ಸೆಯೂ ತುಂಬಲಾರದು.