ಹಿಡಿದ ಮೀನಿನ ಲೆಕ್ಕ ಬರೆಯುವವರು ಯಾರು?

ಮೀನು ಹಿಡಿಯುವುದು ಹೊಟ್ಟೆಪಾಡಿನ ಕಸುಬೆಂದೇ ತಿಳಿದಿರುವ ನಮಗೆ, ಕೈಯಿಂದ ಹಣ ಕೊಟ್ಟು ಮೀನು ಹಿಡಿಯಲು ಹೋಗುವವರೂ ಇದ್ದಾರೆಂದರೆ ನಗು ಬರಬಹುದು. ಅಮೆರಿಕದ ಫ್ಲೋರಿಡಾ, ಅಲಬಾಮ, ಟೆಕ್ಸಾಸ್ ತೀರಗಳಲ್ಲಿ ಇದು ದೊಡ್ಡ ವ್ಯಾಪಾರ. ದೋಣಿ, ಗಾಳ, ಎರೆ, ಮೀನಿರುವ ಜಾಗ ಬಲ್ಲ ಕ್ಯಾಪ್ಟನ್, ಎಲ್ಲವೂ ದಿನಬಾಡಿಗೆಗೆ ಸಿಗುತ್ತವೆ. ಮೆಕ್ಸಿಕೋ ಕೊಲ್ಲಿಯಲ್ಲಿ ಪರವಾನಿಗೆ ಪಡೆದ ಇಂಥ ದೋಣಿಗಳು ಸುಮಾರು 1,300. ಗಿರಾಕಿಗಳು ಮುಖ್ಯವಾಗಿ ಬಯಸುವುದು ರೆಡ್ ಸ್ನ್ಯಾಪರ್ ಎಂಬ ಕೆಂಪು ಮೀನನ್ನು. ಅದು 50 ವರ್ಷಕ್ಕೂ ಮಿಕ್ಕಿ ಬದುಕಬಲ್ಲದು. ಆದುದರಿಂದ ಮಿತಿಮೀರಿ ಹಿಡಿದರೆ ಚೇತರಿಸಿಕೊಳ್ಳಲು ಬಹುಕಾಲ ಬೇಕು.

ವರ್ಷಕ್ಕೆ ಇಷ್ಟೇ ತೂಕ ಹಿಡಿಯಬಹುದೆಂದು ಅಲ್ಲಿನ ಸರಕಾರ ಗೊತ್ತುಮಾಡುತ್ತದೆ. ಎಷ್ಟು ದಿನ ಮೀನು ಹಿಡಿಯಬಹುದೆಂಬುದು ಈ ಲೆಕ್ಕವನ್ನೇ ಹೊಂದಿಕೊಂಡಿದೆ. 2014ರಲ್ಲಿ ಹವ್ಯಾಸಿಗಳಿಗೆ ದೊರೆತದ್ದು ಬರೇ 9 ದಿನ! ಸಾಲ ಮಾಡಿ ದೋಣಿ ಕೊಂಡವನ ಗತಿಯೇನು? 2015ರಿಂದ ಬಾಡಿಗೆ ದೋಣಿಗಳ ಪಾಲನ್ನು ಸ್ವಂತ ದೋಣಿಯವರ ಪಾಲಿನಿಂದ ಬೇರ್ಪಡಿಸಿದರು. ಆ ವರ್ಷ ಬಾಡಿಗೆ ದೋಣಿಗಳಿಗೆ 44 ದಿನ ಸಿಕ್ಕಿತು.

ಆದರೆ ಲೆಕ್ಕ ಸಿಗುವುದು ಹೇಗೆ? ಮಾರಾಟದ ಮೀನು ವ್ಯಾಪಾರಿಯ ತಕ್ಕಡಿ ಹತ್ತುತ್ತದೆ, ಚೀಟಿಯಾಗುತ್ತದೆ. ಹವ್ಯಾಸದ ಮೀನು ನೇರವಾಗಿ ಅಡುಗೆಮನೆಗೆ ಹೋಗುತ್ತದೆ. ಹಾಗಾಗಿ ಸರ್ವೇಯವರು ಆಯ್ದ ದಕ್ಕೆಗಳಲ್ಲಿ ನಿಂತು, ಬಂದ ಮೀನುಗಳನ್ನು ಗುರುತಿಸಿ, ಅಳೆದು, ತೂಗುತ್ತಾರೆ. ಕೆಲವು ಕ್ಯಾಪ್ಟನ್ನರಿಗೆ ಟೆಲಿಫೋನ್ ಮಾಡಿ ವಾರದಲ್ಲಿ ಎಷ್ಟು ಸಲ ಹೋದಿರಿ ಎಂದು ವಿಚಾರಿಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ಬೆಳೆ ಕಟಾವು ಪ್ರಯೋಗವನ್ನು ಕಂಡವರಿಗೆ ಇದು ಹೊಸತಲ್ಲ: ಗದ್ದೆಯ ಒಂದು ತುಂಡನ್ನು ಕೊಯ್ದು ತೂಗಿ ಇಡೀ ಊರಿನ ಇಳುವರಿ ಹೇಳುವ ಕ್ರಮ. ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೂ ನಮ್ಮ ಕಡಲಿನ ಮೀನನ್ನು ಇಂಥದೇ ಮಾದರಿ ಎಣಿಕೆಯಿಂದ ಅಂದಾಜಿಸುತ್ತದೆ. ಕ್ರಮ ತಪ್ಪಲ್ಲ. ಆದರೆ ತುಂಡುಗಳು ಕಡಿಮೆಯಾದಷ್ಟೂ ಅಂದಾಜು ಹಿಗ್ಗಿ ಕುಗ್ಗುತ್ತದೆ.

ಇನ್ನೊಂದು ತೊಡಕು ಹಿಂದಕ್ಕೆ ಬಿಟ್ಟ ಮೀನಿನದು. ಅಲ್ಲಿ ತಲೆಗೆ ಎರಡೇ ಸ್ನ್ಯಾಪರ್, ಅದೂ 16 ಅಂಗುಲಕ್ಕೆ ಕಡಿಮೆಯಿರಬಾರದು. ಉಳಿದುದನ್ನು ಕಡಲಿಗೇ ಬಿಡಬೇಕು. ಆಳದಿಂದ ಮೇಲೆಳೆದ ಮೀನಿನೊಳಗಿನ ಗಾಳಿಚೀಲ ಉಬ್ಬಿ, ಹೊಟ್ಟೆಯೇ ಬಾಯಿಂದ ಹೊರಬರುವುದುಂಟು. ಅಂಥದು ಮುಳುಗಲಾರದೆ ತೇಲುತ್ತಾ ಹಕ್ಕಿಗೋ ಡಾಲ್ಫಿನ್ನಿಗೋ ಆಹಾರವಾಗುತ್ತದೆ. ಭಾರ ಕಟ್ಟಿದ ಸಾಧನದಿಂದ ಅದನ್ನು ಆಳಕ್ಕಿಳಿಸಿ ಬಿಟ್ಟರೆ ಬದುಕುವ ಸಂಭವ ಹೆಚ್ಚು. ಅಂಥ ಸಾಧನವನ್ನೋ ಗಾಳಿ ತೆಗೆಯುವ ಸೂಜಿಯನ್ನೋ ದೋಣಿಯಲ್ಲಿ ಸಿದ್ಧವಾಗಿಡಬೇಕೆಂಬ ಕಾನೂನು 2022ರ ಜನವರಿಯಲ್ಲಿ ಜಾರಿಗೆ ಬಂತು. ಬಿಟ್ಟ ಮೀನು ಎಷ್ಟೆಂದು ದಕ್ಕೆಯಲ್ಲಿ ನಿಂತವನು ಕೇಳಬಹುದೇ ಹೊರತು ನೋಡಲಾರ. ಸಂಜೆ ದಣಿದು ಬಂದವರ ನೆನಪೇ ಅಲ್ಲಿ ಸಾಕ್ಷಿ.

ಇದಕ್ಕಾಗಿ 2021ರ ಜನವರಿಯಿಂದ ಹೊಸ ಏರ್ಪಾಡು ಬಂತು. ಹೊರಡುವ ಮೊದಲು ತಿಳಿಸಬೇಕು. ಮೀನನ್ನು ದೋಣಿಯಿಂದ ಇಳಿಸುವ ಮೊದಲೇ, ಹಿಡಿದದ್ದು ಬಿಟ್ಟದ್ದು ಎರಡನ್ನೂ ಫೋನಿನಲ್ಲೋ ಟ್ಯಾಬ್ಲೆಟ್ಟಿನಲ್ಲೋ ದಾಖಲಿಸಬೇಕು. ತಮ್ಮ ಲೆಕ್ಕ ತಮ್ಮ ಕೈಯಲ್ಲಿರುತ್ತದೆಂದು ಇದನ್ನು ಬೆಂಬಲಿಸಿದ ಕ್ಯಾಪ್ಟನ್ನರೂ ಇದ್ದರು. ಆದರೆ ಅದರ ಜೊತೆಗೆ, ದೋಣಿ ಎಲ್ಲಿದೆಯೆಂದು ಸದಾ ತಿಳಿಸುವ ಜಿ.ಪಿ.ಎಸ್. ಯಂತ್ರವನ್ನು ದೋಣಿಯವರೇ ಖರ್ಚುಹಾಕಿ ಇಡಬೇಕೆಂದೂ, ಬಾಡಿಗೆ ಎಷ್ಟು, ಇಂಧನದ ಬೆಲೆ ಎಷ್ಟು ಎಂಬುದನ್ನೂ ಹೇಳಬೇಕೆಂದೂ ನಿಯಮ ಸೇರಿಕೊಂಡಿತು. ಮೀನು ಸಿಗುವ ಗುಟ್ಟಿನ ಜಾಗವೇ ಕ್ಯಾಪ್ಟನ್ನನ ಬಂಡವಾಳ. ಕೆಲವರು ಕೋರ್ಟಿಗೆ ಹೋದರು. 2023ರ ಫೆಬ್ರವರಿಯಲ್ಲಿ ಐದನೆಯ ವಲಯದ ಮೇಲ್ಮನವಿ ನ್ಯಾಯಾಲಯವು, ಮೀನುಗಾರಿಕಾ ಕಾನೂನು ಇಂಥ ಯಂತ್ರವನ್ನು ಕಡ್ಡಾಯಗೊಳಿಸುವ ಅಧಿಕಾರ ಕೊಟ್ಟಿಲ್ಲವೆಂದು ನಿಯಮವನ್ನೇ ರದ್ದುಮಾಡಿತು.

ಕ್ಯಾಪ್ಟನ್ನರ ದೂರು ನಮಗೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಯಂತ್ರದ ಜೊತೆಗೆ ಕೊಲ್ಲಿಯ ಬಾಡಿಗೆ ದೋಣಿಗಳ ದಿನಚರಿ ಪುಸ್ತಕದ ಕಡ್ಡಾಯವೂ ಹೋಯಿತು. ಇವೆರಡನ್ನೂ ಮೊದಲೇ ಒಂದೇ ಗಂಟಿನಲ್ಲಿ ಕಟ್ಟದಿದ್ದರೆ ಪುಸ್ತಕವಾದರೂ ಉಳಿಯುತ್ತಿತ್ತೇನೋ. ತೀರ್ಪಿನ ಬಳಿಕ ಆ ದೋಣಿಗಳ ಲೆಕ್ಕ ಮತ್ತೆ ದಕ್ಕೆಯ ಅಳತೆಪಟ್ಟಿಗೂ ಟೆಲಿಫೋನಿನ ಪ್ರಶ್ನೆಗೂ ಬಂದು ನಿಂತಿತು.