ಆಂಪ್ಲಿಫಾಯರೂ ಹಾರ್ನುಗಳೂ: ಒಂದು ಅರಿಕೆ

ಹಳೆಯ ವಿದ್ಯಾರ್ಥಿನಿಯರು ಕೂಡಿಸಿಕೊಟ್ಟ ಹಣದಿಂದ ಕೊಂಡ ಆಂಪ್ಲಿಫಾಯರು ಕಳೆದ ಸ್ನೇಹಸಮ್ಮೇಳನದ ಸಂಜೆ ಸುಟ್ಟುಹೋದುದನ್ನು ನಿಮ್ಮಲ್ಲಿ ಹಲವರು ಕಣ್ಣಾರೆ ಕಂಡಿರುವಿರಿ. ರಾಣಿ ಚೆನ್ನಮ್ಮನ ಪಾತ್ರ ವಹಿಸಿದ್ದ ಹತ್ತನೆಯ ತರಗತಿಯ ಬಾಲಿಕೆಯು ದರ್ಬಾರಿನ ದೃಶ್ಯದಲ್ಲಿ ಮಾತನಾಡುತ್ತಿರುವಾಗಲೇ ಧ್ವನಿಯು ಒಡೆದು, ಗರಗರ ಸದ್ದಾಗಿ, ನಿಂತೇಹೋಯಿತು. ಅವಳು ಎದೆಗುಂದದೆ ಬರಿಗಂಟಲಿನಿಂದಲೇ ಪಾತ್ರವನ್ನು ಮುಗಿಸಿದಳು. ಆದರೆ ಹಿಂದಿನ ಸಾಲಿನಲ್ಲಿದ್ದ ಅವಳ ತಾಯಿಗೆ ಒಂದು ಮಾತೂ ಕೇಳಿಸಲಿಲ್ಲ. ಯಂತ್ರ ಕಳಪೆಯದೆಂದು ಅಂದು ಕೆಲವರು ಆಡಿಕೊಂಡರು. ಹಾಗಲ್ಲ. ತಪ್ಪು ನಮ್ಮದೇ. ಹಣ ಕೊಟ್ಟವರಿಗೆ ಅದರ ಕಾರಣವನ್ನು ತಿಳಿಸುವುದು ನಮ್ಮ ಕರ್ತವ್ಯವಾಗಿದೆ.

ಪ್ರತಿಯೊಂದು ಹಾರ್ನಿನೊಳಗೂ ತೆಳುವಾದ ತಂತಿಯ ಸುರುಳಿಯೊಂದಿರುವುದು. ಅದು ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಓಮ್ ಎಂಬ ಮಾನದಿಂದ ಅಳೆಯುವರು. ಈ ಹೆಸರಿಗೆ ಕಾರಣನಾದ ಗೇಯಾರ್ಗ್ ಓಮ್‌ನು ನಮ್ಮಂತೆ ಶಾಲಾಶಿಕ್ಷಕನೇ. 1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯೆದುರು ಥ್ಯಾಕರೆಯು ಬಿದ್ದ ಕಾಲದಲ್ಲಿ ಅವನು ಕಲೋನ್ ಪಟ್ಟಣದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದನು. ತನ್ನ ನಿಯಮವನ್ನು 1827ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಧ್ವನಿಯನ್ನು ಹೊತ್ತು ಹರಿಯುವ ವಿದ್ಯುತ್ತು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವುದರಿಂದ ಅಲ್ಲಿಯ ತಡೆಗೆ ಪ್ರತಿಬಾಧೆಯೆಂಬ ಬೇರೆ ಹೆಸರುಂಟು. ಅದು ಸ್ವರದ ಏರಿಳಿತದೊಡನೆ ಹೆಚ್ಚುಕಡಿಮೆಯಾಗುವುದು. 16 ಓಮ್ ಎಂದು ಬರೆದ ಹಾರ್ನನ್ನು ಸಾದಾ ಮೀಟರಿನಿಂದ ಅಳೆದರೆ ಕೆಲವು ಓಮ್ ಕಡಿಮೆಯೇ ಕಾಣುವುದು. ಅಷ್ಟರಿಂದಲೇ ಅದು ಕೆಟ್ಟಿತೆಂದು ಎಸೆಯಬಾರದು.

ನಾವು ಎಡವಿದ್ದು ಇಲ್ಲಿ. ನಮ್ಮಲ್ಲಿದ್ದವು 16 ಓಮಿನ ನಾಲ್ಕು ಹಾರ್ನುಗಳು. ಆಂಪ್ಲಿಫಾಯರಿನ ಹಿಂಬದಿಯಲ್ಲಿ 4, 8, 16 ಎಂಬ ತಿರುಪುಗಳಿದ್ದವು. ಹಾರ್ನಿನ ಮೇಲೂ 16, ತಿರುಪಿನ ಮೇಲೂ 16. ಹೊಂದಿತೆಂದು ನಾಲ್ಕರ ತಂತಿಗಳನ್ನೂ ಅದೊಂದಕ್ಕೇ ಬಿಗಿದೆವು. ಕೆರೆಯ ಏರಿಗೆ ಒಂದು ತೂಬಿನ ಬದಲು ನಾಲ್ಕನ್ನು ತೆರೆದರೆ ನೀರಿಗೆ ತಡೆ ಹೆಚ್ಚುವುದೋ, ತಗ್ಗುವುದೋ? ತಗ್ಗುವುದಲ್ಲವೆ! ಹಾಗೆಯೇ ಪಕ್ಕಪಕ್ಕದಲ್ಲಿ ಜೋಡಿಸಿದ 16 ಓಮಿನ ಎರಡು ಹಾರ್ನುಗಳು ಕೂಡಿ 8 ಓಮ್, ನಾಲ್ಕು ಕೂಡಿ 4 ಓಮ್ ಆಗುವುವು.

ಲೆಕ್ಕವನ್ನು ಒಂಬತ್ತನೆಯ ತರಗತಿಯ ಹುಡುಗಿಯರೇ ಹಲಗೆಯ ಮೇಲೆ ಮಾಡಿ ತೋರಿಸಿದರು. 100 ವಾಟಿನ ಯಂತ್ರವು 16ರ ತಿರುಪಿನಲ್ಲಿ ಪೂರ್ಣ ಬಲದಿಂದ 40 ವೋಲ್ಟು ಕೊಡುವುದು. 16 ಓಮಿನಲ್ಲಿ ಹರಿಯುವುದು ಎರಡೂವರೆ ಆಂಪಿಯರು. ಅದೇ 40 ವೋಲ್ಟಿಗೆ 4 ಓಮ್ ಸಿಕ್ಕಿದರೆ 10 ಆಂಪಿಯರು, ಅಂದರೆ 400 ವಾಟು. ನೂರರ ಎತ್ತಿಗೆ ನಾನೂರರ ಹೇರು! ಮುಂಜಾನೆಯ ಪ್ರಾರ್ಥನೆಯಲ್ಲಿ ಸಣ್ಣ ಧ್ವನಿಯಿಟ್ಟಿದ್ದೆವಾದ್ದರಿಂದ ಅದು ಹೇಗೋ ತಾಳಿತು. ಸಂಜೆ ಗುಂಡಿಯನ್ನು ಪೂರ್ತಿ ತಿರುಗಿಸಿದಾಗ ಟ್ರಾನ್ಸಿಸ್ಟರುಗಳು ಕಾದು ಸುಟ್ಟವು. ತಂತಿಯನ್ನು 4ರ ತಿರುಪಿಗೆ ಕಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ತಪ್ಪು ಮೇಲ್ಮುಖವಾಗಿದ್ದರೆ ಅಪಾಯ ಕಡಿಮೆ. ಹಾರ್ನುಗಳ ಓಮ್ ತಿರುಪಿನದಕ್ಕಿಂತ ಹೆಚ್ಚಾಗಿದ್ದರೆ ಈಗಿನ ಟ್ರಾನ್ಸಿಸ್ಟರ್ ಯಂತ್ರಗಳಲ್ಲಿ ಧ್ವನಿ ಕುಗ್ಗುವುದು, ಯಂತ್ರ ಉಳಿಯುವುದು. ಹಳೆಯ ವಾಲ್ವ್ ಯಂತ್ರಗಳ ಗುಣ ಬೇರೆ: ಹಾರ್ನನ್ನೇ ಕಟ್ಟದೆ ಅವುಗಳಲ್ಲಿ ಹಾಡಿಸಿದರೆ ಒಳಗಿನ ಟ್ರಾನ್ಸ್‌ಫಾರ್ಮರೇ ಸುಡಬಹುದು. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ತಾತನ ಕಾಲದ ಅಂತಹದೊಂದು ಇದ್ದರೆ ಎಚ್ಚರವಿರಲಿ.

ದೂರದ ಪ್ರಶ್ನೆಯೊಂದು ಉಳಿಯಿತು. ಮೈದಾನದ ಅಂಚಿನವರೆಗೆ 100 ಮೀಟರು ಎಳೆದ, 1 ಚದರ ಮಿಲಿಮೀಟರಿನ ತಾಮ್ರದ ಜೋಡಿತಂತಿಯೇ ಸುಮಾರು ಮೂರೂವರೆ ಓಮ್ ತಡೆಯೊಡ್ಡುವುದು. 4 ಓಮಿನ ಹಾರ್ನುಗುಂಪಿಗೆ ಹೋಗಬೇಕಾದ ಶಕ್ತಿಯ ಅರ್ಧದಷ್ಟು ದಾರಿಯಲ್ಲೇ ವ್ಯರ್ಥ. ಕೋಟೆಯ ಆವರಣದ ಕಿತ್ತೂರು ಉತ್ಸವದಂತಹ ವಿಸ್ತಾರವಾದ ಬಯಲುಗಳಿಗೆ ಹೊಂದುವುದು 100 ವೋಲ್ಟಿನ ಪದ್ಧತಿ. ಅದರಲ್ಲಿ ಪ್ರತಿಯೊಂದು ಹಾರ್ನಿಗೂ ಚಿಕ್ಕ ಟ್ರಾನ್ಸ್‌ಫಾರ್ಮರು ಕೂಡಿಸಿ, ಇದಕ್ಕೆ 10 ವಾಟು, ಅದಕ್ಕೆ 20 ಎಂದು ಗೊತ್ತುಮಾಡುವರು. ಓಮಿನ ಭಾಗಾಕಾರವಿಲ್ಲ, ವಾಟುಗಳನ್ನು ಕೂಡಿಸಿ, ಮೊತ್ತವು ಯಂತ್ರದ ಬಲವನ್ನು ಮೀರದಂತೆ ನೋಡಿಕೊಂಡರಾಯಿತು. ಆದರೆ ಟ್ರಾನ್ಸ್‌ಫಾರ್ಮರಿಲ್ಲದ ಹಾರ್ನನ್ನು ಆ ತಿರುಪಿಗೆ ಕಟ್ಟಕೂಡದು. ಬಿಚ್ಚಿದ ತಂತಿಯನ್ನು ಮಕ್ಕಳು ಮುಟ್ಟಲೂಕೂಡದು.

ದುರಸ್ತಿಯಾದ ಆಂಪ್ಲಿಫಾಯರು ಮರಳಿ ಬಂದಿರುವುದು. ಹಾರ್ನುಗಳಿಗೆ ಟ್ರಾನ್ಸ್‌ಫಾರ್ಮರುಗಳನ್ನು ಕೂಡಿಸಿ, ಪ್ರತಿಯೊಂದರ ವಾಟನ್ನು ಹುಡುಗಿಯರು ಅದರ ಹಿಂಬದಿಯಲ್ಲಿ ಬಿಳಿಯ ಬಣ್ಣದಿಂದ ಬರೆದಿಟ್ಟಿರುವರು. ಅವುಗಳ ಮೊತ್ತ 80. ಈ ಸಲದ ಸಮ್ಮೇಳನದಲ್ಲಿ ತಂತಿ ಕಟ್ಟುವ ಕೆಲಸವನ್ನು ಅವರಿಗೇ ವಹಿಸಿದ್ದೇವೆ. ಕಳೆದ ವರ್ಷ ಕೇಳಿಸದೆ ಹೋದ ಆ ದರ್ಬಾರಿನ ದೃಶ್ಯವನ್ನು ಮತ್ತೊಮ್ಮೆ ಆಡಿಸುವೆವು. ಹಿಂದಿನ ಸಾಲಿನವರು ದಯವಿಟ್ಟು ಬರಬೇಕು.